ಹತ್ತರಾಗ ಮೂರು ಕಳದ್ರ

ಕಿನ್ನಾಳದ ಹನುಮೇಶಿ ಚಿತ್ರಗಾರ
ಗೌರಿ ಮಾಡಾಕಂತ ಪೊಣಕಿ ಕಟಿಗಿ ಕೆತ್ತಿದ್ದ.
ಆರ್ಡರ್ ಕೊಟ್ಟವರು ಫೋನ್ ಎತ್ತಲಿಲ್ಲ.
ಸಿಟ್ಟಿಗೆ ಗೌರಿ ಹೊಟ್ಟಿಯೊಳಗ
ಸುಟ್ಟ ಬೋರಿನ ಮೋಟಾರು ಸುತ್ತಿ ಕೂಡಿಸಿದ,
ಒಂದು ಟ್ರ್ಯಾಕ್ಟರ್ ಬ್ಯಾಟರಿ, ನಾಕು ಬೇರಿಂಗು.
ಹುಣಸಿಬೀಜದ ಸರಿ ಬಳಿದು ಬಣ್ಣ ಹಚ್ಚಿದ.
ಮೂಗಿನ ಬಣ್ಣ ಇನ್ನಾ ಆರಿದ್ದಿಲ್ಲ,
ಎದ್ದು ಕುಂತು ಕೇಳಿದ್ಲು:
"ಅಪ್ಪಾ, ನಾಷ್ಟಾಕ್ಕ ಏನೈತಿ?"

ಹೆಸರು ಪೊಣಕವ್ವ.
ಸಾಲಿಯಾಗ ವಯಸ್ಸು ಎಂಟು ಅಂತ ಬರಸಿದ್ರು,
ಬರಸಿದಾಗ ಆಕಿ ಹುಟ್ಟಿ ಮೂರು ತಾಸು.
ಆಧಾರ್ ಮಷೀನಿನ ಮ್ಯಾಲೆ ಹೆಬ್ಬೆಟ್ಟು ಇಟ್ರ
ಬರೇ ಕಟಿಗಿ ಗೆರಿ ಬಂತು.
ಖಾಜಾಸಾಬ ತಲಿ ಕೆರಕೊಂಡು
"ಇದು ಹುಡುಗಿನೋ ಬಾಗಲೋ?" ಅಂದ.

ಹಾಜರಿಗೆ "ಎಸ್ಸಾರ್" ಅಂದ್ಲು,
ಸಾಲಿ ತಗಡು ಹಾರಿ ಪಂಚಾಯ್ತಿ ಮ್ಯಾಲೆ ಬಿತ್ತು.
ಅವರಿಗೂ ಬೇಕಾಗಿತ್ತು, ವಾಪಸ್ ಕೊಡಲಿಲ್ಲ.
ಕಬಡ್ಡಿಗೆ ಹೋದ್ರ ಎದುರಿನವರ ಜೋಡಿ
ನಡುವಿನ ಗೆರಿನೂ ಎಳಕೊಂಡು ಬಂದ್ಲು.
ಕೊಪ್ಪಳದಿಂದ ಬರೋ ಬಸ್ಸಿಗೆ ಡಿಕ್ಕಿ ಹೊಡದು
"ನೋವಾತೇನವ್ವಾ?" ಅಂತ ಬಸ್ಸಿನ್ನ ಕೇಳಿ,
ಎತ್ತಿ, ಧೂಳ ಝಾಡಿಸಿ, ತಿರುವಿ ಇಟ್ಲು.
ಮಂದಿ ಹೊಳ್ಳಿ ಕೊಪ್ಪಳಕ್ಕ ಹೋದ್ರು.
ಒಬ್ಬ ಅಜ್ಜ ಅಷ್ಟ ಖುಷಿ,
ಛತ್ರಿ ಅಲ್ಲೇ ಮರತಿದ್ನಂತ.

ಐತವಾರ ಬ್ಯಾಟರಿ ಚಾರ್ಜಿಗೆ ತಗದ್ರ
ಪೊಣಕವ್ವ ಹಗುರ, ಬೆಂಡಿನಂಗ.
ನಾನೇ ಬಗಲಾಗ ಎತ್ತಿಕೊಂಡು ತಿರಗತಿದ್ದೆ,
ವಾರೆಲ್ಲ ಊರು ಎತ್ತಿದಾಕಿನ್ನ.

ಒಂದಿನ ಕಳಕಪ್ಪ ಮಾಸ್ತರ್ ಕೇಳಿದ್ರು,
"ಹತ್ತರಾಗ ಮೂರು ಕಳದ್ರ?"
ಪೊಣಕವ್ವ ಗಾಬರಿ ಆದ್ಲು.
"ಯಾವಾಗ ಕಳದ್ವು ಸಾರ್? ಯಾರರ ಹುಡುಕಾಕ ಹೋಗ್ಯಾರೋ ಇಲ್ಲೋ?"
ನಾವು ಬಿದ್ದು ಬಿದ್ದು ನಕ್ವಿ.
ಆಕಿ ಕಿಟಕಿಯಿಂದ ಜಿಗದ್ಲು, ಚೌಕಟ್ಟು ಸಮೇತ.

ಸಂಜಿಗೆ ಉಡಿ ತುಂಬ ಹೊತ್ತು ಬಂದ್ಲು:
ಹುಸೇನಬಿ ಮೂಗುಬಟ್ಟು, ಬಾವಿ ಕೆಸರಾಗಿಂದು,
ಗಾಳೆಪ್ಪನ ಆಡಿನ ಮರಿ,
ಕಳದೈತಿ ಅಂತ ಹೆಡ್‌ಮಾಸ್ತರು ಬರದುಕೊಟ್ಟಿದ್ದ
ಬಿಸಿಯೂಟದ ರಜಿಸ್ಟರು, ಅವರ ಮನಿ ಅಟ್ಟದ ಮ್ಯಾಲಿಂದು.
"ಇವೇನ್ ಸಾರ್ ಆ ಮೂರು?"
"ಅಲ್ಲವ್ವಾ," ಅಂದ್ರು ಮಾಸ್ತರು.
ಹೆಡ್‌ಮಾಸ್ತರು ನಾಕು ದಿನ ರಜಾ ಹಾಕಿದ್ರು.

ಶ್ರಾವಣ ಬಂತು.
ಹತ್ತಿ ಬೀಜದ ಪ್ಲಾಟಿನಾಗ ಹೂವು ಕ್ರಾಸ್ ಮಾಡಾಕ
ಸಣ್ಣ ಬೆರಳು ಬೇಕಂತ.
ನಸುಕಿನ್ಯಾಗ ಟ್ರಾಕ್ಸ್ ಬಂದು ತುಂಬಿಕೊಂಡು ಹೋತು
ನನ್ನ, ದುರಗಿನ್ನ, ಮಾಬವ್ವನ್ನ.
ಮೂರನೇತ್ತದಾಗ ನಾವು ಹುಡುಗ್ಯಾರು ಹತ್ತು ಮಂದಿ.
ಪೊಣಕವ್ವ ಬೆಂಚು ಎಣಿಸಿದ್ಲಂತ,
ಬೆರಳು ಮಡಚಿ, ಎರಡೆರಡು ಸಲ.

ಬಿಸಲೇರೋ ಹೊತ್ತು. ಹೂವಿನ ಪುಡಿ ನನ್ನ ಉಗುರಾಗ.
ದೂರದಾಗ ಧೂಳು ಎದ್ದಿತು. ಸುಂಟರಗಾಳಿ ಅಂದ್ರು.
ಸುಂಟರಗಾಳಿ ಎರಡು ಜಡಿ ಹಾಕಿತ್ತು, ಕೆಂಪು ರಿಬ್ಬನ್ನು.
ಬದುವಿನ ಮ್ಯಾಲೆ ನಿಂತು ನನ್ನ ನೋಡಿ ಒದರಿತು:
"ಸಾರ್! ಒಂದು ಸಿಕ್ತು!"
ಮೂರು ಹರದಾರಿ ಆಚೆ ಮಾಸ್ತರಿಗೆ ಕೇಳಿಸಿತಂತ.

ಮೇಸ್ತ್ರಿ ಅಡ್ಡ ಬಂದ.
ಅವನ್ನ ಜ್ವಾಪಾನ ಎತ್ತಿ
ಬೇವಿನ ಗಿಡದ ತುದಿಗೆ ಕೂಡಿಸಿದ್ಲು,
"ಗಟ್ಟಿ ಹಿಡಕೋ ಕಾಕಾ, ಬಿದ್ದಿ" ಅಂದ್ಲು.
ಇದ್ದಬಿದ್ದವರನ್ನೆಲ್ಲ ಟ್ರಾಕ್ಸಿಗೆ ಹತ್ತಿಸಿ
(ಬ್ಯಾರೆ ಊರಿನವರನ್ನೂ, ಆಕಿಗೆ ಊರು ತಿಳಿಯಂಗಿಲ್ಲ)
ತಲಿ ಮ್ಯಾಲೆ ಇಟಗೊಂಡು ಓಡಿದ್ಲು.
ನಾವು ಮ್ಯಾಲೆ. ನಮ್ಮ ಕೆಳಗ ಟ್ರಾಕ್ಸು.
ಟ್ರಾಕ್ಸಿನ ಕೆಳಗ ಒಂದು ಗೊಂಬಿ, ಮಗ್ಗಿ ಹೇಳಕೋತ.

ಏಳು ಮಂದಿ ಕುಂತಿದ್ರು, ಹನ್ನೊಂದು ಮಂದಿ ಇಳದ್ವಿ.
ಮೂಗಿನ ಬಣ್ಣ ಎದ್ದುಹೋಗಿ ಕಟಿಗಿ ಕಾಣತಿತ್ತು,
ಹಂಗ ಬೋರ್ಡಿಗೆ ಹೋಗಿ ಬರದ್ಲು:
ಹತ್ತರಾಗ ಮೂರು ಕಳದ್ರ ಹದಿನೆಂಟು.

ಮಾಸ್ತರು ಡಸ್ಟರ್ ಹಿಡಕೊಂಡು
ಬಾಳೊತ್ತು ಅಲ್ಲೇ ನಿಂತ್ರು.
ಆಮ್ಯಾಲೆ ಅಡಿಗಿ ಕ್ವಾಣಿ ಕಡೆ ತಿರಗಿ ಕೂಗಿದ್ರು,
"ಶಂಕ್ರಮ್ಮಾ, ಇನ್ನೆರಡು ಸೇರು ಅಕ್ಕಿ ಹಾಕು."

ಬೇವಿನ ಗಿಡದಾಗಿನ ಮೇಸ್ತ್ರಿ
ಸಂಜಿತನಕ ಯಾರಿಗೂ ನೆನಪಾಗಲಿಲ್ಲ.